ಹೊರಗಿನವರ ಕಥೆ ಪಾಠ ಮಾಡುವಾಗ ಕ್ಲಾಸೆಲ್ಲ ಒಬ್ಬ ಹುಡುಗನ ಕಡೆ ತಿರುಗಿತು. ಮುಂದೆ ಹೇಗೆ?

ಇಂಗ್ಲಿಷ್ ಟೀಚರ್ (ಮೂಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು, ಹದಿನೈದು ವಯಸ್ಸಿನ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಹೇಳಿಕೊಡುತ್ತೇನೆ. ಈಗ ಗೋಥಿಕ್ ಕಥೆಗಳ ಪಾಠ ನಡೆಯುತ್ತಿದೆ. ಹಾಳುಬಿದ್ದ ಕೋಟೆ, ಬೀಗ ಹಾಕಿದ ಕೋಣೆ, ಮನೆತನ ಬಚ್ಚಿಟ್ಟ ಗುಟ್ಟು, ಯಾರಿಗೂ ಬೇಡವಾದ ಒಂದು ಜೀವ. ಕೊನೆಗೆ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಕೆಲವು ಅಧ್ಯಾಯ ಓದಬೇಕು. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬವನು ಒಂದು ಜೀವವನ್ನು ಸೃಷ್ಟಿಸಿ, ಅದರ ಮುಖ ನೋಡಲಾಗದೆ ಬಿಟ್ಟು ಓಡುವ ಕಥೆ. ಅದು 1818ರ ಪುಸ್ತಕ, ವಾಕ್ಯಗಳು ಉದ್ದುದ್ದ. ಮೊದಲೇ ಅದನ್ನು ಕೈಗೆ ಕೊಟ್ಟರೆ ಮಕ್ಕಳು ಕಂಗಾಲಾಗುತ್ತಾರೆ ಅಂತ ‘ವೆನ್ಸ್‌ಡೇ’ ಸೀರೀಸ್‌ನಿಂದ ಶುರು ಮಾಡಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅದನ್ನು ಆಗಲೇ ನೋಡಿದ್ದರು.

ಮೊದಲ ಪೀರಿಯಡ್ ತುಂಬ ಚೆನ್ನಾಗಿ ಹೋಯಿತು. ಸೀರೀಸ್‌ನ ನಾಯಕಿ ವೆನ್ಸ್‌ಡೇ ಎಂಬ ಹುಡುಗಿ ಓದುವ ಶಾಲೆಯ ಹೆಸರು ‘ನೆವರ್‌ಮೋರ್’. ಎಡ್ಗರ್ ಅಲನ್ ಪೋ 1845ರಲ್ಲಿ ಪ್ರಕಟಿಸಿದ ‘ದಿ ರೇವನ್’ ಪದ್ಯದಲ್ಲಿ ಕಪ್ಪು ಹಕ್ಕಿ ಮತ್ತೆ ಮತ್ತೆ ಹೇಳುವ ಮಾತು ಅದು. ನಾನು ಅದನ್ನು ಹೇಳಲಿಲ್ಲ. ಪದ್ಯ ಹಂಚಿ ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ "ಟೀಚರ್, ಸಿಕ್ತು!" ಅಂತ ಕೂಗು ಬಂತು.

ಎಡವಿದ್ದು ಎರಡನೇ ಪೀರಿಯಡ್‌ನಲ್ಲಿ. ಸೀರೀಸ್‌ನಲ್ಲಿ ಶಾಲೆಯ ಮಕ್ಕಳಿಗೆ ‘ಔಟ್‌ಕಾಸ್ಟ್’ ಅಂತಾರೆ, ಪಕ್ಕದ ಊರಿನವರಿಗೆ ‘ನಾರ್ಮಿ’ ಅಂತಾರೆ. ಅದನ್ನು ಹೇಳುತ್ತಾ, "ನಿಮ್ಮ ಸುತ್ತಮುತ್ತ ಹೀಗೆ ಯಾರ ಜೊತೆಗೂ ಸೇರದವರನ್ನು ನೋಡಿದ್ದೀರಾ?" ಅಂತ ಕೇಳಿಬಿಟ್ಟೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮೂರು ತಲೆ ಕಿಟಕಿ ಪಕ್ಕದ ಬೆಂಚಿನ ಕಡೆ ತಿರುಗಿದವು. ಅದನ್ನು ನೋಡಿ ಇನ್ನೂ ನಾಲ್ಕು. ಆಮೇಲೆ ಇಡೀ ಕ್ಲಾಸು. ಅಲ್ಲಿ ಕೂತಿದ್ದ ಹುಡುಗ ಪೆನ್ನಿನ ಕ್ಯಾಪ್ ತೆಗೆದ, ಹಾಕಿದ, ತೆಗೆದ, ಹಾಕಿದ. ತಲೆ ಎತ್ತಲಿಲ್ಲ.

ನಾನು ಏನೋ ಹೇಳಿ ವಿಷಯ ತಿರುಗಿಸಿದೆ. ಬೆಲ್ ಆಯಿತು. ಎರಡು ದಿನದಿಂದ ಆ ಕ್ಯಾಪಿನ ಶಬ್ದ ಕಿವಿಯಲ್ಲೇ ಇದೆ. ತಪ್ಪು ನನ್ನದೇ. ಈಗ ಈ ಪಾಠ ಇಲ್ಲಿಗೇ ಬಿಟ್ಟುಬಿಡಲಾ? ಅಥವಾ ಯಾರಿಗೂ ನೋವಾಗದ ಹಾಗೆ ಮುಂದುವರಿಸುವ ದಾರಿ ಇದೆಯಾ? ದಯವಿಟ್ಟು ಹೇಳಿ.

ಕಾಲೇಜು ಲೆಕ್ಚರರ್

ಮೇಡಂ, ಬಿಡಬೇಡಿ. ಈಗ ಬಿಟ್ಟರೆ ಆ ಹುಡುಗನ ಮನಸ್ಸಿನಲ್ಲಿ ಆ ತಿರುಗಿದ ತಲೆಗಳಷ್ಟೇ ಉಳಿಯುತ್ತವೆ.

ನನಗೆ ಕಾಣುವುದು ಇಷ್ಟು. "ಹೊರಗಿನವರು ಯಾರು?" ಅಂತ ಕೇಳಿದರೆ ಮಕ್ಕಳು ಬೆರಳು ತೋರಿಸಲೇಬೇಕಾಗುತ್ತದೆ. "ಇವನು ಹೊರಗಿನವನು ಅಂತ ಹೇಳುತ್ತಿರುವವರು ಯಾರು?" ಅಂತ ಕೇಳಿ ನೋಡಿ. ಆಗ ಬೆರಳು ಕಥೆ ಹೇಳುವವರ ಕಡೆಗೆ ತಿರುಗುತ್ತದೆ.

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ತೆಗೆದುಕೊಳ್ಳಿ. ಮನೆಯ ಯಜಮಾನ ಲಿವರ್‌ಪೂಲ್ ಬೀದಿಯಲ್ಲಿ ಸಿಕ್ಕ ಒಬ್ಬ ಹುಡುಗನನ್ನು ಕೋಟಿನೊಳಗೆ ಸುತ್ತಿಕೊಂಡು ತರುತ್ತಾನೆ. ಅವನೇ ಮುಂದೆ ಹೀತ್‌ಕ್ಲಿಫ್. ಕಥೆ ಹೇಳುವ ಕೆಲಸದಾಕೆ ನೆಲ್ಲಿ ಅವನನ್ನು ಮೊದಲು ‘ಅವನು’ ಅನ್ನುವುದೇ ಇಲ್ಲ, ‘ಅದು’ ಅನ್ನುತ್ತಾಳೆ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿರಲಿ ಅಂತ ಆ ಮಗುವನ್ನು ಮೆಟ್ಟಿಲ ಹತ್ತಿರ ಮಲಗಿಸುತ್ತಾಳೆ. ನೆಲ್ಲಿ ಕೆಟ್ಟವಳಲ್ಲ. ಇಡೀ ಕಾದಂಬರಿಯಲ್ಲಿ ನಾವು ನಂಬುವುದೇ ಅವಳ ಮಾತನ್ನು. ಒಳ್ಳೆಯವರೂ ಹೀಗೆ ಮಾಡುತ್ತಾರೆ ಅಂತ ಮಕ್ಕಳಿಗೆ ಗೊತ್ತಾಗಬೇಕಾದ ಜಾಗ ಅದು.

ನಮ್ಮ ಭಾಷೆಯಲ್ಲಿ ಇದನ್ನು ಇನ್ನೂ ಚೆನ್ನಾಗಿ ಹಿಡಿಯಬಹುದು. ಇಂಗ್ಲಿಷಿನಲ್ಲಿ ಸರ್ವನಾಮ ಒಂದೇ ಬದಲಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದವೂ ಬದಲಾಗುತ್ತದೆ. "ಅದು ಎದ್ದು ಬಂತು." "ಅವನು ಎದ್ದು ಬಂದ." ಮಕ್ಕಳಿಗೆ ಕಥೆಯನ್ನು ಕನ್ನಡದಲ್ಲಿ ಹೇಳಿಸಿ. ಯಾರು ಎಲ್ಲಿ ‘ಬಂತು’ ಅಂದರು, ಎಲ್ಲಿ ‘ಬಂದ’ ಅಂದರು ಅಂತ ಗುರುತು ಹಾಕಿಕೊಳ್ಳಿ, ಸಾಕು.

ವಿಡಿಯೋ ಎಡಿಟರ್

ನಾನು ಟೀಚರ್ ಅಲ್ಲ. ದಿನವಿಡೀ ಶಾಟ್ ಕತ್ತರಿಸಿ ಅಂಟಿಸುವ ಕೆಲಸ. ಆದರೂ ಈ ವಿಷಯ ನನಗೆ ತುಂಬ ಹತ್ತಿರದ್ದು.

‘ವೆನ್ಸ್‌ಡೇ’ಯಲ್ಲಿ ಕಥೆ ಹೇಳುವ ದನಿ ಆ ಹುಡುಗಿಯದೇ. ಕ್ಯಾಮೆರಾ ಅವಳ ಜೊತೆಗೇ ಹೋಗುತ್ತದೆ. ಹೀಗಾಗಿ ನೋಡುವವರೆಲ್ಲ ಅವಳ ಒಳಗೆ ಕೂತಿರುತ್ತಾರೆ, ಅವಳನ್ನು ಬೇಡ ಅನ್ನುವವರೇ ನಮಗೆ ವಿಚಿತ್ರವಾಗಿ ಕಾಣುತ್ತಾರೆ. ಇದಕ್ಕೆ ಪೂರ್ತಿ ಉಲ್ಟಾ ಒಂದು ದೃಶ್ಯ ತೋರಿಸಿ. ಜೇಮ್ಸ್ ವೇಲ್ ನಿರ್ದೇಶಿಸಿದ 1931ರ ‘ಫ್ರಾಂಕೆನ್‌ಸ್ಟೈನ್’ ಸಿನಿಮಾದಲ್ಲಿ ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದವನ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಮೊದಲ ಸಲ ಮುಖ ತೋರಿಸುವ ದೃಶ್ಯ. ಒಂದು ನಿಮಿಷವೂ ಬೇಕಾಗಿಲ್ಲ.

ಹೆಜ್ಜೆ ಸದ್ದು ಕೇಳುತ್ತದೆ. ಬಾಗಿಲು ತೆರೆಯುತ್ತದೆ. ಅವನು ಬೆನ್ನು ಹಾಕಿಕೊಂಡು ಒಳಗೆ ಬರುತ್ತಾನೆ. ನಿಧಾನವಾಗಿ ತಿರುಗುತ್ತಾನೆ. ಮುಖ ಕಂಡ ತಕ್ಷಣ ಕಟ್, ಇನ್ನೂ ಹತ್ತಿರ. ಮತ್ತೆ ಕಟ್, ಮುಖ ಪರದೆ ತುಂಬುತ್ತದೆ. ಅವನು ಏನೂ ಮಾಡಿಲ್ಲ. ಒಂದು ಕೋಣೆಗೆ ಬಂದ, ತಿರುಗಿದ, ಅಷ್ಟೇ. ಭಯ ಹುಟ್ಟಿದ್ದು ಆ ಕಟ್‌ಗಳಲ್ಲಿ. "ಇಲ್ಲಿ ನಿಮಗೆ ಭಯ ಆಗಿದ್ದು ಯಾವ ಸೆಕೆಂಡಿನಲ್ಲಿ? ಆ ಸೆಕೆಂಡಿನಲ್ಲಿ ಅವನು ಏನು ಮಾಡುತ್ತಿದ್ದ?" ಅಂತ ಕೇಳಿ. ಮಕ್ಕಳು ತಾವೇ ಉತ್ತರಕ್ಕೆ ಬರುತ್ತಾರೆ.

ಇದೇ ಸಿನಿಮಾದ ಇನ್ನೊಂದು ದೃಶ್ಯವನ್ನು ದೊಡ್ಡ ಮಕ್ಕಳಿಗೆ ಮಾತ್ರ ಹೇಳಿ. ಕೆರೆಯ ದಡದಲ್ಲಿ ಒಬ್ಬಳು ಪುಟ್ಟ ಹುಡುಗಿ ಅವನಿಗೆ ಹೆದರುವುದಿಲ್ಲ. ಇಬ್ಬರೂ ಹೂವು ನೀರಿಗೆ ಎಸೆದು ತೇಲಿಸುತ್ತಾರೆ. ಹೂವು ಮುಗಿಯುತ್ತದೆ. ಅವಳೂ ತೇಲುತ್ತಾಳೆ ಅಂದುಕೊಂಡು ಅವಳನ್ನು ಎತ್ತಿ ಹಾಕುತ್ತಾನೆ. ಮುಳುಗಿದಾಗ ದಿಕ್ಕೇ ತೋಚುವುದಿಲ್ಲ ಅವನಿಗೆ. ಸೆನ್ಸಾರ್‌ನವರು ಅದನ್ನು ಕತ್ತರಿಸಿದರು. ಅವನು ಅವಳ ಕಡೆ ಕೈ ಚಾಚಿದಲ್ಲಿಗೆ ದೃಶ್ಯ ನಿಲ್ಲುತ್ತಿತ್ತು. ಆಮೇಲೆ ಬರುವುದು ಹುಡುಗಿಯ ಹೆಣ ಹೊತ್ತು ನಡೆಯುವ ಅಪ್ಪ. ದಶಕಗಳ ಕಾಲ ಜನ ನೋಡಿದ್ದು ಇದನ್ನೇ. ಮಗುವಿನಂಥ ತಪ್ಪೊಂದು ಕತ್ತರಿ ಬಿದ್ದ ಮೇಲೆ ರಾಕ್ಷಸ ಕೃತ್ಯವಾಗಿ ಕಾಣಿಸಿತು. ಕತ್ತರಿಸಿದ ತುಂಡು ಸಿಕ್ಕಿ ಮತ್ತೆ ಸೇರಿಸಿದ್ದು ತುಂಬ ವರ್ಷದ ಮೇಲೆ.

ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ನನಗೆ ಇನ್ನೊಂದಿಲ್ಲ.

ನಿವೃತ್ತ ಮೇಷ್ಟ್ರು

ಎಲ್ಲ ಓದಿದೆ. ನನ್ನ ಮಾತು ಸ್ವಲ್ಪ ಕಟುವಾಗಿರಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಪುಸ್ತಕದಿಂದಲೇ ಶುರು ಮಾಡಬೇಕಿತ್ತಮ್ಮ. ಪರದೆ ಮೇಲೆ ಬರುವ ಹೊರಗಿನವರು ಯಾರು ನೋಡಿ. ಚೆಂದದ ಮುಖ, ಚುರುಕು ನಾಲಗೆ, ಎಲ್ಲದರಲ್ಲೂ ಜಾಣೆ, ಬೆನ್ನಿಗೆ ಪ್ರೀತಿಸುವ ಕುಟುಂಬ. ಅಂಥವಳನ್ನು ಇಷ್ಟಪಡುವುದಕ್ಕೆ ಯಾರಿಗೆ ಕಷ್ಟ? ನಿಮ್ಮ ಕಿಟಕಿ ಪಕ್ಕದ ಹುಡುಗನಿಗೆ ಅದು ಯಾವುದೂ ಇಲ್ಲದಿರಬಹುದು. ಕ್ಲಾಸಿನ ಮಕ್ಕಳು ಆ ಹುಡುಗಿಯನ್ನು ಮೆಚ್ಚಿಕೊಂಡು, ಅದೇ ಉಸಿರಿನಲ್ಲಿ ಇವನ ಕಡೆ ತಿರುಗಿ ನೋಡಿದರಲ್ಲ, ಅದೇ ಸಾಕ್ಷಿ. ಅವರು ಕಲಿತದ್ದು ಕಪ್ಪು ಬಟ್ಟೆ ಮತ್ತು ಎರಡು ಜಡೆ. ಹೊರಗಿರುವ ನೋವನ್ನಲ್ಲ.

ಮೇರಿ ಶೆಲ್ಲಿ ಸೃಷ್ಟಿಸಿದವನ ಮುಖವನ್ನು ನೋಡಿ ಇಷ್ಟಪಡುವುದು ಸಾಧ್ಯವೇ ಇಲ್ಲ. ಅವನ ಮಾತು ಕೇಳಿಯೇ ಇಷ್ಟಪಡಬೇಕು. ಅದಕ್ಕೆ ಓದಬೇಕು. ಬೇರೆ ದಾರಿ ಇಲ್ಲ.

ಲೈಬ್ರರಿಯವರು

ಮೇಷ್ಟ್ರೇ, ನಿಮ್ಮ ಎರಡನೇ ಮಾತು ನೂರಕ್ಕೆ ನೂರು ಸರಿ. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ತಕರಾರು.

ಗೋಥಿಕ್ ಕಥೆ ಹುಟ್ಟಿದಾಗಿನಿಂದಲೂ ಜನಪ್ರಿಯ ಕಥೆಯೇ. ಹೊರೇಸ್ ವಾಲ್ಪೋಲ್ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ತಂದಾಗ ತನ್ನ ಹೆಸರನ್ನೇ ಹಾಕಲಿಲ್ಲ. ಹಳೆಯ ಇಟಾಲಿಯನ್ ಪುಸ್ತಕವೊಂದರ ಅನುವಾದ ಅಂತ ಹೇಳಿಕೊಂಡ. ಜನ ಮುಗಿಬಿದ್ದು ಓದಿದ ಮೇಲೆ, ಎರಡನೇ ಮುದ್ರಣದಲ್ಲಿ ಬರೆದವನು ನಾನೇ ಅಂತ ಒಪ್ಪಿಕೊಂಡು ‘ಗೋಥಿಕ್ ಕಥೆ’ ಅಂತ ಹೆಸರಿನ ಕೆಳಗೆ ಸೇರಿಸಿದ. ಜೇನ್ ಆಸ್ಟಿನ್ ‘ನಾರ್ತ್ಯಾಂಗರ್ ಅಬ್ಬೆ’ಯಲ್ಲಿ ಹದಿನೇಳರ ಕ್ಯಾಥರೀನ್ ಎಂಬ ಹುಡುಗಿಯನ್ನು ತರುತ್ತಾಳೆ. ಆನ್ ರ್ಯಾಡ್‌ಕ್ಲಿಫ್‌ಳ ಭಯದ ಕಾದಂಬರಿ ಓದಿ ಓದಿ ಅವಳಿಗೆ ಎಲ್ಲೆಲ್ಲೂ ಗುಟ್ಟೇ ಕಾಣುತ್ತದೆ. ರಾತ್ರಿ ಬೀರುವಿನಲ್ಲಿ ಒಂದು ಸುರುಳಿ ಕಾಗದ ಸಿಗುತ್ತದೆ, ದೀಪ ಆರಿಹೋಗುತ್ತದೆ, ನಿದ್ದೆ ಬರುವುದಿಲ್ಲ. ಬೆಳಗ್ಗೆ ನೋಡಿದರೆ ಬಟ್ಟೆ ಒಗೆಸಿದ ಲೆಕ್ಕ! ನಮ್ಮ ಮಕ್ಕಳು ಸೀರೀಸ್ ನೋಡುವ ಹಾಗೆಯೇ ಆ ಕಾಲದ ಹುಡುಗಿಯರು ಇವನ್ನು ಓದುತ್ತಿದ್ದರು.

ಇನ್ನೊಂದು ಮುಖ್ಯ ವಿಷಯ. ಫ್ರಾಂಕೆನ್‌ಸ್ಟೈನ್ ಜೀವ ಕೊಟ್ಟವನ ಬಾಯಿ ಮುಚ್ಚಿಸಿದ್ದು 1931ರ ಸಿನಿಮಾ ಅಂತ ತುಂಬ ಜನ ತಿಳಿದಿದ್ದಾರೆ. ಅದು ಇನ್ನೂ ಹಳೆಯದು. ಪುಸ್ತಕ ಬಂದು ಐದೇ ವರ್ಷಕ್ಕೆ, 1823ರಲ್ಲಿ, ಲಂಡನ್ನಿನಲ್ಲಿ ಅದು ನಾಟಕವಾಯಿತು. ಅದರಲ್ಲೇ ಅವನಿಗೆ ಮಾತಿಲ್ಲ. ನಾಟಕದ ಹಾಳೆಯಲ್ಲಿ ಪಾತ್ರದ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಮೇರಿ ಶೆಲ್ಲಿ ಹೋಗಿ ಆ ನಾಟಕ ನೋಡಿದಳು, ಹೆಸರಿಲ್ಲದವನನ್ನು ಹೀಗೆ ಗೆರೆಯಿಂದ ಸೂಚಿಸಿದ್ದು ಅವಳಿಗೆ ಹಿಡಿಸಿತು. 1931ರ ಸಿನಿಮಾದ ಶುರುವಿನಲ್ಲಿ ಪಾತ್ರಗಳ ಪಟ್ಟಿ ಬರುತ್ತದಲ್ಲ, ಅಲ್ಲಿ ಕಾರ್ಲಾಫ್ ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದೆ. ಪುಸ್ತಕದಲ್ಲಿ ಅವನಿಗೆ ಹೆಸರಿಲ್ಲ, ಆದರೆ ಮಾತಿದೆ. ರಂಗದ ಮೇಲೆ, ಪರದೆಯ ಮೇಲೆ ಆ ಮಾತೂ ಹೋಯಿತು. 1935ರ ಮುಂದಿನ ಸಿನಿಮಾದಲ್ಲಿ ಕಾಡಿನಲ್ಲಿ ಒಬ್ಬಂಟಿಯಾಗಿರುವ ಕುರುಡ ಅವನಿಗೆ ಕೆಲವು ಪದ ಕಲಿಸುತ್ತಾನೆ. ಅಷ್ಟು ಕೆಲವೇ ಪದಕ್ಕೆ ನೋಡುವವರ ಕಣ್ಣು ತುಂಬಿ ಬರುತ್ತದೆ.

ಅದಕ್ಕೇ ನಾನು ಹೇಳುವುದು, ಸಿನಿಮಾ ಮತ್ತು ಪುಸ್ತಕ ಎರಡನ್ನೂ ಅಕ್ಕಪಕ್ಕ ಇಡಿ. ಸಿನಿಮಾ ಏನನ್ನು ಬಿಟ್ಟಿತು ಅಂತ ಹುಡುಕುವುದಕ್ಕೆ ಮಕ್ಕಳು ತಾವಾಗಿಯೇ ಪುಸ್ತಕ ತೆರೆಯುತ್ತಾರೆ.

ಒಬ್ಬ ಅಮ್ಮ

ನನ್ನ ಮಗಳಿಗೆ ಹನ್ನೆರಡು. ಕ್ಲಾಸಿನಲ್ಲಿ ಇಂಥ ದೃಶ್ಯ ತೋರಿಸಿದ ಮೇಲೆ ಒಂದು ವಾರ ದೀಪ ಹಾಕಿಕೊಂಡೇ ಮಲಗಿದಳು. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಅಂತ ಹೇಗೆ ತೀರ್ಮಾನ ಮಾಡುತ್ತೀರಿ?

ಕಾಲೇಜು ಲೆಕ್ಚರರ್

ಅಮ್ಮ, ಇದಕ್ಕೆ ರ್ಯಾಡ್‌ಕ್ಲಿಫ್ ಅವರೇ ಒಂದು ಅಳತೆಗೋಲು ಕೊಟ್ಟಿದ್ದಾರೆ. ಅವರು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಪ್ರಬಂಧದಲ್ಲಿದೆ. ಭಯ ಎರಡು ಥರ ಅಂತಾರೆ. ಒಂದು, ಏನಿರಬಹುದು ಅಂತ ಮನಸ್ಸನ್ನು ಅರಳಿಸುವ ಭಯ. ಇನ್ನೊಂದು, ಕಣ್ಣೆದುರೇ ತೋರಿಸಿ ಮನಸ್ಸನ್ನು ಮರಗಟ್ಟಿಸುವ ಭಯ. ಕ್ಲಾಸಿಗೆ ಮೊದಲನೆಯದೇ ಸಾಕು.

ಸ್ಟೀವನ್‌ಸನ್ 1886ರಲ್ಲಿ ಬರೆದ ಜೆಕಿಲ್ ಮತ್ತು ಹೈಡ್ ಕಥೆಯಲ್ಲಿ ಹೈಡ್‌ನನ್ನು ನೋಡಿದವರಿಗೆ ಅವನಲ್ಲಿ ಏನೋ ಊನ ಇದೆ ಅನ್ನಿಸುತ್ತದೆ, ಏನು ಅಂತ ಹೇಳಲು ಮಾತ್ರ ಆಗುವುದಿಲ್ಲ. ‘ವೆನ್ಸ್‌ಡೇ’ಯ ಮೊದಲ ಸೀಸನ್‌ನಲ್ಲಿ ಅದೇ ‘ಹೈಡ್’ ಹೆಸರಿನ ಪ್ರಾಣಿಗೆ ದೊಡ್ಡ ಕಣ್ಣು, ಉಗುರು ಎಲ್ಲ ಇದೆ. ಚಿಕ್ಕ ಮಕ್ಕಳಿಗೆ ಪ್ರಾಣಿಯನ್ನು ತೋರಿಸುವ ಅಗತ್ಯವಿಲ್ಲ. ಸ್ಟೀವನ್‌ಸನ್‌ನ ಆ ಒಂದು ಪ್ಯಾರಾ ಓದಿ, ಚಿತ್ರ ಬರೆಯಲು ಹೇಳಿ. ಮೂವತ್ತು ಮಕ್ಕಳು ಮೂವತ್ತು ಮುಖ ಬರೆಯುತ್ತಾರೆ.

ಹಿಂದಿನ ಬೆಂಚು

ಬರೆಯಲಾ ಬೇಡವಾ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನಾನು ಟೀಚರ್ ಅಲ್ಲ. ಶಾಲೆಯಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದ ಹುಡುಗ ನಾನೇ. ಈಗ ಕೆಲಸ ಮಾಡುತ್ತಿದ್ದೇನೆ, ಚೆನ್ನಾಗಿದ್ದೇನೆ.

ಟೀಚರ್, ನೀವು ಎರಡು ದಿನ ಅದನ್ನೇ ಯೋಚಿಸಿದ್ದೀರಿ ಅಂತ ಓದಿ ಮನಸ್ಸಿಗೆ ಒಂಥರಾ ಸಮಾಧಾನ ಆಯಿತು. ನನ್ನ ವಿಷಯದಲ್ಲಿ ಯಾರೂ ಯೋಚಿಸಿರಲಿಕ್ಕಿಲ್ಲ ಅಂದುಕೊಂಡಿದ್ದೆ.

ದಯವಿಟ್ಟು ಎಲ್ಲರೆದುರು ಅವನಿಗೆ ಸಾರಿ ಹೇಳಬೇಡಿ. ಮತ್ತೆ ಎಲ್ಲ ತಲೆ ತಿರುಗುತ್ತದೆ. ಅವನ ಬಗ್ಗೆ ಒಳ್ಳೆಯ ಮಾತನ್ನೂ ಎಲ್ಲರೆದುರು ಹೇಳಬೇಡಿ, ಅದೂ ಹಾಗೇ. "ನಿನ್ನ ಅನುಭವ ಹಂಚಿಕೋ" ಅಂತ ಕೇಳಲೇಬೇಡಿ. ನಮ್ಮ ಟೀಚರ್ ಒಬ್ಬರು ಕೇಳಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಒಂದು ಸುಳ್ಳು ಕಥೆ ಕಟ್ಟಿ ಹೇಳಿ ಕೂತೆ. ಕಾರಿಡಾರಿನಲ್ಲಿ ಅವನು ಒಬ್ಬನೇ ಸಿಕ್ಕಾಗ ಎರಡು ಮಾತು ಹೇಳಿ, "ಆ ಪ್ರಶ್ನೆ ಕೇಳಬಾರದಿತ್ತು, ತಪ್ಪಾಯಿತು" ಅಂತ. ಉತ್ತರಕ್ಕೆ ಕಾಯಬೇಡಿ, ಹೊರಟುಬಿಡಿ. ಅಷ್ಟು ಸಾಕು.

ಮತ್ತೆ ಬರೆಯಿಸುವುದಾದರೆ ಹೆಸರಿಲ್ಲದ ಚೀಟಿಯಲ್ಲಿ ಬರೆಯಿಸಿ. ಕಥೆಯ ಬಗ್ಗೆಯೇ ಕೇಳಿ. ಕಥೆಯ ಬಗ್ಗೆ ಬರೆಯುವಾಗ ನಾವು ನಮ್ಮ ಬಗ್ಗೆಯೂ ಬರೆಯುತ್ತೇವೆ, ಅದು ಯಾರಿಗೂ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಟೀಚರ್ (ಮೂಲ ಪೋಸ್ಟ್)

ಹಿಂದಿನ ಬೆಂಚಿನವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ನೀವು ಹೇಳಿದ ಹಾಗೇ ಮಾಡುತ್ತೇನೆ, ಒಂದಕ್ಷರ ಆಚೀಚೆ ಮಾಡುವುದಿಲ್ಲ.

ನಿಮ್ಮೆಲ್ಲರ ಮಾತು ಓದಿದ ಮೇಲೆ ಪುಸ್ತಕ ಮತ್ತೆ ತೆರೆದೆ. ಎಷ್ಟು ಸಲ ಓದಿದ್ದರೂ ಕಣ್ಣಿಗೆ ಬೀಳದ ಒಂದು ಜಾಗ ಸಿಕ್ಕಿತು. ಐದನೇ ಅಧ್ಯಾಯ. ವಿಕ್ಟರ್ ಜೀವ ಕೊಟ್ಟು, ಅದರ ಮುಖ ನೋಡಲಾಗದೆ ಓಡಿಹೋಗಿ ಮಲಗಿದ್ದಾನೆ. ಎಚ್ಚರವಾಗುತ್ತದೆ. ತಾನು ಸೃಷ್ಟಿಸಿದವನು ಮಂಚದ ಪರದೆ ಎತ್ತಿ ಹಿಡಿದು ನಿಂತಿದ್ದಾನೆ. ಬಾಯಿ ತೆರೆದು ಏನೋ ಸದ್ದು ಮಾಡುತ್ತಾನೆ. ವಿಕ್ಟರ್ ಹೇಳುತ್ತಾನೆ: ಅವನು ಮಾತಾಡಿರಬಹುದು, ನನಗೆ ಕೇಳಿಸಲಿಲ್ಲ. ಒಂದು ಕೈ ಚಾಚಿತ್ತು, ನನ್ನನ್ನು ಹಿಡಿದು ನಿಲ್ಲಿಸುವುದಕ್ಕೇನೋ ಅನ್ನುವ ಹಾಗೆ. ನಾನು ತಪ್ಪಿಸಿಕೊಂಡು ಕೆಳಗೆ ಓಡಿದೆ.

ಆ ಕೈ ಯಾಕೆ ಚಾಚಿತ್ತು? ಹಿಡಿಯುವುದಕ್ಕೆ ಅಂತ ಹೇಳುತ್ತಿರುವವನು ವಿಕ್ಟರ್, ಅವನಿಗೂ ಖಚಿತವಿಲ್ಲ. ಮುಂದಿನ ವಾರ ಈ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗುತ್ತೇನೆ. ಮೊದಲು ಎಡಿಟರ್ ಸರ್ ಹೇಳಿದ ಬಾಗಿಲ ದೃಶ್ಯ, ಆಮೇಲೆ ಈ ಪ್ಯಾರಾ, ಆಮೇಲೆ ಹೆಸರಿಲ್ಲದ ಚೀಟಿ.

ನಿವೃತ್ತ ಮೇಷ್ಟ್ರು

ಒಳ್ಳೆಯ ಜಾಗ ಹಿಡಿದಿದ್ದೀಯಮ್ಮ. ಅದನ್ನು ಓದಿದ ಮೇಲೆ ಹನ್ನೊಂದನೇ ಅಧ್ಯಾಯಕ್ಕೆ ಹೋಗು. ಅಲ್ಲಿಂದ ಹದಿನಾರರ ತನಕ ಅವನೇ ತನ್ನ ಕಥೆ ಹೇಳುತ್ತಾನೆ. ಕತ್ತಲು, ಚಳಿ, ಏನೂ ಗೊತ್ತಾಗದೆ ಕೂತು ಅತ್ತದ್ದು. ಗೋಡೆಯ ಸಂದಿಯಿಂದ ಒಂದು ಕುಟುಂಬವನ್ನು ನೋಡುತ್ತಾ ಮಾತು ಕಲಿತದ್ದು. ಆ ಮನೆಯ ಕುರುಡ ತಾತ ಅವನ ಜೊತೆ ಪ್ರೀತಿಯಿಂದ ಮಾತಾಡಿದ್ದು, ಕಣ್ಣಿದ್ದ ಮಗ ಬಂದು ಕೋಲಿನಿಂದ ಹೊಡೆದದ್ದು. ಕಾದಂಬರಿಯ ನಟ್ಟನಡುವೆ ಇದನ್ನು ಇಟ್ಟಿದ್ದಾಳೆ ಮೇರಿ ಶೆಲ್ಲಿ. ಹೊರಗೆ ಹಡಗಿನಲ್ಲಿ ಹೊರಟ ವಾಲ್ಟನ್ ಎಂಬವನು ಬರೆಯುವ ಪತ್ರ, ಅದರೊಳಗೆ ವಿಕ್ಟರ್‌ನ ಕಥೆ, ಅದರೊಳಗೆ ಇವನ ಮಾತು. ಬರೆಯಲು ಶುರು ಮಾಡಿದಾಗ ಅವಳಿಗೆ ಹದಿನೆಂಟು, ಅದನ್ನೂ ಮಕ್ಕಳಿಗೆ ಹೇಳು.

ಲೈಬ್ರರಿಯವರ ಮಾತು ಒಪ್ಪಿದೆ. ಅಕ್ಕಪಕ್ಕ ಇಡುವುದಾದರೆ ನನ್ನ ತಕರಾರಿಲ್ಲ.

ದೊಡ್ಡ ತರಗತಿಗೆ ಇನ್ನೊಂದು ಜೋಡಿ ಇದೆ. ‘ಜೇನ್ ಐರ್’ (1847) ಕಾದಂಬರಿಯಲ್ಲಿ ಅಟ್ಟದ ಮೇಲೆ ಕೂಡಿಹಾಕಿದ ಬರ್ತಾ ಎಂಬ ಹೆಂಗಸು ತನ್ನ ಕಥೆಯನ್ನು ಎಲ್ಲೂ ಹೇಳುವುದಿಲ್ಲ. ಅವಳ ನಗು, ಅವಳ ಕೂಗು ಅಷ್ಟೇ ನಮಗೆ ಕೇಳುವುದು. ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ‘ವೈಡ್ ಸರ್ಗಾಸೊ ಸೀ’ ಬರೆದು ಅವಳಿಗೆ ಬೇರೆ ಹೆಸರು ಕೊಟ್ಟಳು, ಮಾತು ಕೊಟ್ಟಳು. ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು ಆ ಹೆಂಗಸು.

ಇಂಗ್ಲಿಷ್ ಟೀಚರ್ (ಮೂಲ ಪೋಸ್ಟ್)

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಕಾರಿಡಾರಿನ ಎರಡು ಮಾತು ಹೇಳಿದೆ. ಅವನು ತಲೆ ಆಡಿಸಿದ. ನಾನು ಹೊರಟುಬಂದೆ.

ಕ್ಲಾಸಿನಲ್ಲಿ ಬಾಗಿಲ ದೃಶ್ಯ ಎರಡು ಸಲ ತೋರಿಸಿದೆ. ಎರಡನೇ ಸಲ ಸೌಂಡ್ ತೆಗೆದು. ಆಮೇಲೆ ಪ್ಯಾರಾ ಓದಿ ಚೀಟಿ ಹಂಚಿದೆ. "ಆ ಕೈ ಯಾಕೆ ಚಾಚಿತ್ತು? ಕನ್ನಡದಲ್ಲೇ ಬರೆಯಿರಿ" ಅಂದೆ. ಯಾರೂ ಯಾರ ಕಡೆಗೂ ನೋಡಲಿಲ್ಲ. ಎಲ್ಲರೂ ಬಗ್ಗಿ ಬರೆಯುತ್ತಿದ್ದರು.

ಚೀಟಿಗಳನ್ನು ಮನೆಗೆ ತಂದು ಮೇಜಿನ ಮೇಲೆ ಹರಡಿದೆ. ‘ಕತ್ತು ಹಿಸುಕೋಕೆ’ ಅಂತ ಐದು. ‘ಎಬ್ಬಿಸೋಕೆ’. ‘ಹೆದರಬೇಡ ಅನ್ನೋಕೆ’. ‘ಅವನಿಗೆ ಚಳಿ ಆಗ್ತಿತ್ತೇನೋ, ಹೊದಿಕೆ ಕೇಳೋಕೆ’ ಅಂತ ಒಂದು. ಹನ್ನೊಂದನೇ ಅಧ್ಯಾಯ ಇನ್ನೂ ಓದಿಯೇ ಇಲ್ಲ, ಚಳಿಯ ವಿಷಯ ಆ ಮಗುವಿಗೆ ಹೇಗೆ ಹೊಳೆಯಿತೋ!

ಮರುದಿನ ಲೆಕ್ಚರರ್ ಸರ್ ಹೇಳಿದ ‘ಬಂತು’, ‘ಬಂದ’ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿದೆ. ‘ಅದು’ ಅಂತ ಹನ್ನೊಂದು ಚೀಟಿ, ‘ಅವನು’ ಅಂತ ಹದಿನೇಳು. "‘ಅದು’ ಅಂದವರು ಯಾಕೆ ಅಂದಿರಬಹುದು?" ಅಂತ ಕೇಳಿದೆ. "ದೆವ್ವ ಅಲ್ವಾ, ಅದಕ್ಕೆ" ಅಂತ ಒಬ್ಬ. "ಮನುಷ್ಯ ಅಂತ ಅನ್ನಿಸಿಲ್ಲ, ಅದಕ್ಕೆ" ಅಂತ ಇನ್ನೊಬ್ಬಳು. ಆಗ ಮುಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು. "ಟೀಚರ್, ನಾನೂ ‘ಅದು’ ಅಂತಲೇ ಬರೆದಿದ್ದು. ಅವತ್ತು ತಾನೇ ಹುಟ್ಟಿದ್ದಲ್ವಾ? ಮಗುಗೂ ‘ಅದು’ ಅಂತೀವಲ್ಲ. ಮಗು ಎತ್ಕೋ ಅಂತ ಕೈ ಚಾಚುತ್ತೆ."

ನನಗೆ ಮಾತೇ ಹೊರಡಲಿಲ್ಲ. ಬೋರ್ಡಿನ ಮೇಲಿದ್ದ ಎರಡು ಸಾಲಿನ ಪಕ್ಕ ಮೂರನೆಯದೊಂದು ಸಾಲು ಎಳೆದೆ. ಬೆಲ್ ಆಗುವ ತನಕ ಹೊಸ ಸಾಲಿಗೆ ಯಾವ ಚೀಟಿ ಸೇರಬೇಕು ಅಂತ ಮಕ್ಕಳು ವಾದ ಮಾಡಿದರು. ನಾಳೆ ಹನ್ನೊಂದನೇ ಅಧ್ಯಾಯ ಶುರು. ಓದುವುದಕ್ಕೆ ಆರು ಜನ ಹೆಸರು ಕೊಟ್ಟಿದ್ದಾರೆ.